ಕೋಡಿಬಾಗ ಕಾರವಾರದೊಳಗೇ ಇದ್ರೂ ಜನ "ಕಾರವಾರಕ್ಕೆ ಹೋಗಿ ಬರ್ತೇನೆ" ಅಂತಾರಲ್ಲ, ಯಾಕೆ?

ಹಾವೇರಿಯಿಂದ_ಬಂದಂವ:
ನಾವು ಹಾವೇರಿ ಕಡೆಯವ್ರು, ಟ್ರಾನ್ಸ್‌ಫರ್ ಆಗಿ ಬಂದು ಕೋಡಿಬಾಗದಾಗ ಬಾಡಿಗಿ ಮನಿ ಹಿಡದೇವಿ. ಕಸದ ಗಾಡಿ, ನೀರಿನ ಬಿಲ್ಲು ಎಲ್ಲಾ ಕಾರವಾರ ನಗರಸಭೆದ್ದ. ಆದ್ರ ನಮ್ಮ ಮನಿ ಮಾಲಕರು ಮುಂಜಾನೆ ಸ್ಕೂಟರ್ ತಗಿಯೂ ಮುಂದ "ಕಾರವಾರಕ್ಕೆ ಹೋಗಿ ಬರ್ತೇನೆ" ಅಂತಾರ್ರಿ! ಬಸ್ ಸ್ಟ್ಯಾಂಡ್ ಇಲ್ಲಿಂದ ಮೂರು ಕಿಲೋಮೀಟರ್ ಆಸುಪಾಸು ಅಷ್ಟ. ಇದು ಮೊದ್ಲ ಬ್ಯಾರೆ ಹಳ್ಳಿ ಇತ್ತೇನು? ಯಾವಾಗ ಸಿಟಿಯೊಳಗ ಸೇರ್ತು? ನೆಟ್‌ನ್ಯಾಗ ಹುಡುಕಿದ್ರ ಬರೇ ಬೀಚು, ಹೋಂಸ್ಟೇ ಬರ್ತಾವು. ಇನ್ನೊಂದು, ನದಿ ಕಡೆ ಒಂದು ಗುಡಿ ಐತಿ, ಅಲ್ಲಿ ದೇವ್ರಿಗೆ ಸಿಗರೇಟ್ ಹಚ್ಚಿ ಇಡ್ತಾರಂತ, ಖರೇನ?

ಕಾಳಿದಂಡೆ:
ಸರ್ ನೀವು ಕೇಳಿದ್ದು ಸ್ವಲ್ಪ ಉಲ್ಟಾ ಆಯ್ತು. ಕೋಡಿಬಾಗ, ಬಾಡ, ಕೋಣೆ, ಸುಂಕೇರಿ ಇವೆಲ್ಲ ಮೊದ್ಲಿಂದ ಇದ್ದ ಊರುಗಳು, ಇವುಗಳ ಮಧ್ಯ ಪೇಟೆ, ಅಂದ್ರೆ ಈಗ ಜನ ಕಾರವಾರ ಅನ್ನೋದು, ಆಮೇಲೆ ಬಂದು ಕೂತ್ಕೊಂಡಿದ್ದು. ಹಳೇ ಕಾರವಾರ ಅಂದ್ರೆ ಈಗಿನ ಕಡವಾಡದ ಕಡೆ, ಕಾಳಿ ನದಿಯಲ್ಲಿ ಸ್ವಲ್ಪ ಒಳಗೆ. 1638ರಲ್ಲಿ ಇಂಗ್ಲಿಷರು ಕೋಠಿ (ವ್ಯಾಪಾರದ ಉಗ್ರಾಣ) ಹಾಕಿದ್ದು ಅಲ್ಲಿ, ಘಟ್ಟದ ಮೇಲಿಂದ ಬರ್ತಿದ್ದ ಮಲ್‌ಮಲ್ ಬಟ್ಟೆ, ಕಾಳುಮೆಣಸು ಎಲ್ಲ ಅಲ್ಲಿಂದ ಹಡಗು ಹತ್ತೋದು, 1665ರಲ್ಲಿ ಶಿವಾಜಿ ಬಂದು ಆ ವ್ಯಾಪಾರಿಗಳ ಹತ್ರ ದುಡ್ಡು ವಸೂಲಿ ಮಾಡಿ ಹೋದದ್ದೂ ಅಲ್ಲೇ. ಆಗ ಈ ಸಮುದ್ರದ ಕಡೆ ಇದ್ದಿದ್ದು ಮೀನುಗಾರರ ಮನೆ, ತೆಂಗಿನ ತೋಟ, ಗದ್ದೆ ಅಷ್ಟೇ.

1862ರಲ್ಲಿ ನಮ್ಮ ಜಿಲ್ಲೆನ ಮದ್ರಾಸಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಹಾಕಿದ್ರು. ಕಾರಣ ನಿಮ್ಮ ಕಡೆಯ ಹತ್ತಿ! ಅಮೆರಿಕದಲ್ಲಿ ಯುದ್ಧ ಆಗಿ ಮ್ಯಾಂಚೆಸ್ಟರ್ ಮಿಲ್ಲುಗಳಿಗೆ ಹತ್ತಿ ಬರೋದು ನಿಂತಿತ್ತು, ಧಾರವಾಡ ಸೀಮೆ ಹತ್ತಿನ ಘಟ್ಟ ಇಳಿಸಿ ಹಡಗಿಗೆ ಹಾಕೋಕೆ ಮಳೆಗಾಲದಲ್ಲೂ ಅಲೆ ಹೊಡೆಯದಂಥ ಬಂದರು ಬೇಕಿತ್ತು, ಇಲ್ಲಿನ ಬೈತಖೋಲ ಕೊಲ್ಲಿ ಅಂಥದ್ದು. ಹಂಗಾಗಿ ಜಿಲ್ಲಾ ಕೇಂದ್ರ ಇಲ್ಲಿ ಬಂತು, ಕಚೇರಿ ಕೋರ್ಟು ಬಂಗಲೆ ಎಲ್ಲ ಬಂತು, 1864ರಲ್ಲಿ ಮುನ್ಸಿಪಾಲಿಟಿನೂ ಆಯ್ತು, ದೇವಗಡ ದ್ವೀಪದ ದೀಪಸ್ತಂಭನೂ ಅದೇ ವರ್ಷದ್ದು. ಆದ್ರೆ ರೈಲು ಕೊನೆಗೆ ಗೋವಾದ ಮರ್ಮಗೋವಾ ಬಂದರಿಗೆ ಹೋಯ್ತು, ಹತ್ತಿನೂ ಆ ಕಡೆ ಹೋಯ್ತು, ಕಾರವಾರ ನೌಕರರ ಊರಾಗಿ ಉಳೀತು. ಹಂಗಾಗಿ ನಮ್ಮ ಅಜ್ಜಿ ಕಾಲದವರಿಗೆ "ಕಾರವಾರಕ್ಕೆ ಹೋಗೋದು" ಅಂದ್ರೆ ಕಚೇರಿ ಕೆಲಸಕ್ಕೆ ಇಲ್ಲ ಸಂತೆಗೆ ಹೋಗೋದು, ಮನೆ ಮಾತ್ರ ಕೋಡಿಬಾಗದಲ್ಲಿ. ನಿಮ್ಮ ಮಾಲಕರು ಹೇಳೋದು ಅದನ್ನೇ.

ಬಾಂಗ್ಡೆಪ್ರಿಯ:
ಮೇಲಿನವರು ಹೇಳಿದ್ದು ಸರಿ ಆದ್ರೆ ಕೋಡಿಬಾಗದ ಗಮ್ಮತ್ತು ಕಚೇರಿಯಲ್ಲಿಲ್ಲ ಮಾರಾಯ್ರೆ, ಹೊಳೆಯಲ್ಲಿದೆ. ಸೇತುವೆ ಆಗೋ ಮೊದ್ಲು ಗೋವಾ ಕಡೆ ರಸ್ತೆ ಇಲ್ಲಿಗೇ ಮುಗೀತಿತ್ತು. ಇಳಿದು ಲಾಂಚ್ (ಯಂತ್ರದ ದೋಣಿ) ಹತ್ತಿ ಆಚೆ ದಂಡೆಯ ಸದಾಶಿವಗಡಕ್ಕೆ ದಾಟ್ಬೇಕು, ಆ ಕಡೆ ಮತ್ತೆ ಬೇರೆ ಬಸ್ಸು. ನಮ್ಮಪ್ಪ ಸದಾಶಿವಗಡದಿಂದ ಈ ಕಡೆ ಶಾಲೆಗೆ ಬರ್ತಿದ್ರು, ಮಳೆಗಾಲದಲ್ಲಿ ಕಾಳಿ ಕೆಂಪಾಗಿ ಹರಿಯೋವಾಗ ಲಾಂಚು ನೇರ ಬರ್ತಾ ಇರ್ಲಿಲ್ವಂತೆ, ಮೊದ್ಲು ದಂಡೆಗುಂಟ ಮೇಲಕ್ಕೆ ಹೋಗಿ ಆಮೇಲೆ ಸೆಳವಿನ ಜೊತೆ ಓರೆಯಾಗಿ ಇಳಿದು ದಕ್ಕೆಗೆ (ದೋಣಿ ನಿಲ್ಲೋ ಕಟ್ಟೆಗೆ) ಹತ್ತಿಸೋರು, ಕೋಳಿ ಬುಟ್ಟಿ, ತರಕಾರಿ, ಮದುವೆ ದಿಬ್ಬಣ ಎಲ್ಲಾ ಒಂದೇ ಲಾಂಚಲ್ಲಿ. ಲಾಂಚ್ ತಪ್ಪಿದವರು ಚಾ ಕುಡೀತಾ ಕೂರ್ಲೇಬೇಕು, ದಕ್ಕೆ ಹತ್ರ ಅಂಗಡಿಗಳು ನಡೀತಿದ್ದದ್ದೇ ಅದರಿಂದ. 1983ರಲ್ಲಿ ಸೇತುವೆ ಆದ್ಮೇಲೆ ಯಾರಿಗೂ ಇಲ್ಲಿ ಇಳಿಯೋ ಕೆಲಸ ಇಲ್ಲ. ನನ್ನ ಕೇಳಿದ್ರೆ ಕೋಡಿಬಾಗನ ಸಿಟಿಗೆ ಸೇರ್ಸಿದ್ದು ನಗರಸಭೆ ಅಲ್ಲ, ಆ ಸೇತುವೆ.

ಅದೇ ಸೇತುವೆ 2024ರ ಆಗಸ್ಟ್ 6ರ ನಡುರಾತ್ರಿ ಕಳೆದು 7ಕ್ಕೆ ಬಿದ್ದ ಮೇಲೆ ಕುಸಿದು ಬಿತ್ತಲ್ಲ, ಒಂದು ಲಾರಿ ನೀರಿಗೆ ಹೋಯ್ತು, ಡ್ರೈವರ್ ಲಾರಿ ಮೇಲೆ ಹತ್ತಿ ನಿಂತಿದ್ದ. ಅವನನ್ನ ಎತ್ತಿದ್ದು ಪೊಲೀಸರ ಜೊತೆ ಇಲ್ಲಿನ ಮೀನುಗಾರರೇ. ಹೊಸ ಸೇತುವೆ ಪಕ್ಕದಲ್ಲಿತ್ತು, ಇಲ್ಲಾಂದ್ರೆ ಮತ್ತೆ ಲಾಂಚೇ ಗತಿ ಆಗ್ತಿತ್ತು ನೋಡಿ.

ಕಾಳಿದಂಡೆ:
ಗುಡಿ ವಿಷ್ಯ ಮರ್ತೆ. ಅದು ಖಾಪ್ರಿ ದೇವರು. ಸಿಗರೇಟು, ಬೀಡಿ, ಸಾರಾಯಿ, ಮೇಣದಬತ್ತಿ, ಕೋಳಿ ಎಲ್ಲ ಹರಕೆ ಕೊಡೋದು ನಿಜ. ಆಫ್ರಿಕಾ ಮೂಲದ ಒಬ್ಬ ವ್ಯಕ್ತಿ ಇಲ್ಲಿ ದೇವರಾದ ಅಂತ ಹಿರಿಯರು ಹೇಳ್ತಾರೆ. ನೀವು ನಕ್ಕೊಂಡು ವಿಡಿಯೋ ಮಾಡೋಕೆ ಹೋಗ್ಬೇಡಿ, ದೋಣಿಗೆ ಹೋಗೋರು ತುಂಬಾ ನಂಬಿಕೆಯಿಂದ ಬರ್ತಾರೆ. ಜಾತ್ರೆಗೆ ಹೋಗಿ, ಗೋವಾ ಮಹಾರಾಷ್ಟ್ರದಿಂದನೂ ಜನ ಬರ್ತಾರೆ.

ಅರಗಾದವಳು:
ಇಲ್ಲಿ ಎಲ್ಲಾ "ನಮ್ಮೂರು ಸಿಟಿಗೆ ಸೇರ್ತು" ಅಂತ ಬೇಜಾರು ಮಾಡ್ಕೊಳ್ತಾ ಇದ್ದೀರಿ, ನಮ್ಮೂರು ಅರಗಾ ಎಲ್ಲಿಗೂ ಸೇರ್ಲಿಲ್ಲ, ಗೇಟಿನ ಒಳಗೆ ಹೋಯ್ತು 🙂 1986ರಲ್ಲಿ ರಾಜೀವ್ ಗಾಂಧಿ ಇಲ್ಲಿನ ನೌಕಾನೆಲೆ ಯೋಜನೆ ಸೀಬರ್ಡ್‌ಗೆ ಕಲ್ಲು ಹಾಕಿದ್ರು, 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಶುರುವಾಯ್ತು, ಅಷ್ಟರಲ್ಲಿ ನಾವೆಲ್ಲ ಪುನರ್ವಸತಿ ಕಾಲೊನಿಗೆ. ನಿಮ್ಮದು ಏನೇ ಅಂದ್ರೂ ಮನೆ ಬಾವಿ ತುಳಸಿಕಟ್ಟೆ ಹಳೇ ಜಾಗದಲ್ಲೇ ಇದೆ, ಓಣಿಯಲ್ಲಿ ಕೊಂಕಣಿ ಕೇಳ್ತದೆ, ಇಳಿತದ ಹೊತ್ತಿಗೆ ಹೆಂಗಸರು ಹೊಳೆಗೆ ಇಳಿದು ಬಳಚು (ತಿನ್ನೋ ಕಪ್ಪೆಚಿಪ್ಪು) ಆರಿಸ್ತಾರೆ. ಅದು ಊರೇ. ನಗರಸಭೆ ಟ್ಯಾಕ್ಸ್ ಕಟ್ಟಿದ್ರೆ ಹೋಗೋದಲ್ಲ.

ಬಾಂಗ್ಡೆಪ್ರಿಯ:
@ಅರಗಾದವಳು ಹೌದು ಬಾಯಿ, ಅದಕ್ಕೆ ಉತ್ತರ ಇಲ್ಲ.
ಬಳಚು ಅಂದಿದ್ದಕ್ಕೆ, ಈಗ ಮೊದ್ಲಿನಷ್ಟು ಸಿಗಲ್ಲ ಆದ್ರೂ.

ಘಟ್ಟದಮೇಲಿಂದ:
ಶಿರಸಿಯವ ನಾನು, ಒಂದು ಸೇರ್ಸ್ತೆ. ರವೀಂದ್ರನಾಥ ಟಾಗೋರ್ ಅಣ್ಣ ಇಲ್ಲಿ ಜಡ್ಜ್ ಆಗಿದ್ರು, 1880ರ ದಶಕದ ಶುರುವಲ್ಲಿ ಟಾಗೋರ್ ಬಂದು ಉಳ್ಕೊಂಡಿದ್ರು, ಬೀಚಿಗೆ ಅವರ ಹೆಸರಿಟ್ಟಿದ್ದು ಎಲ್ಲರಿಗೂ ಗೊತ್ತು. ಆದ್ರೆ ಅವರು ನೆನಪಿಟ್ಟುಕೊಂಡು ಬರೆದಿದ್ದರಲ್ಲಿ ಕಾಳಿ ನದಿಯೂ ಇದೆ: ಒಂದು ಸಂಜೆ ದೋಣಿಯಲ್ಲಿ ಸದಾಶಿವಗಡದ ಕೋಟೆ ಗುಡ್ಡ ದಾಟಿ ಮೇಲಕ್ಕೆ ಹೋಗಿ, ಒಬ್ಬ ರೈತನ ಅಂಗಳದಲ್ಲಿ ಬೆಳದಿಂಗಳಲ್ಲಿ ಊಟ ಮಾಡಿ, ವಾಪಸ್ ಬರೋವಾಗ ನದಿ ಬಾಯಿ ಹತ್ರ ಇಳಿದು ಮರಳ ಮೇಲೆ ನಡ್ಕೊಂಡು ಮನೆಗೆ ಬಂದ್ರಂತೆ. ನದಿ ಬಾಯಿಯಿಂದ ಪೇಟೆ ಕಡೆ ಮರಳು ದಂಡೆ ಅಂದ್ರೆ ನಿಮ್ಮ ಕೋಡಿಬಾಗದ ಕಡೆಯಿಂದಲೇ ಅಲ್ದಾ?

ಹಾವೇರಿಯಿಂದ_ಬಂದಂವ:
ಭಾಳ ಥ್ಯಾಂಕ್ಸ್ ಎಲ್ಲಾರ್ಗೂ. ನಮ್ಮೂರ ಹತ್ತಿ ಸಲುವಾಗಿ ಈ ಊರು ಜಿಲ್ಲಾ ಕೇಂದ್ರ ಆತು ಅನ್ನೂದು ನಮ್ಮ ಆಫೀಸ್‌ನ್ಯಾಗ ಯಾರಿಗೂ ಗೊತ್ತಿಲ್ಲ, ನಾಳೆ ಹೇಳ್ತೀನಿ. ಬಳಚು ಎಲ್ಲಿ ತಗೋಬೇಕ್ರಿ, ನಮಗ ಮಾಡಾಕ ಬರೂದಿಲ್ಲ.

ಬಾಂಗ್ಡೆಪ್ರಿಯ:
ಪೇಟೆ ಮಾರ್ಕೆಟಿಗೆ ಹೋಗ್ಬೇಡಿ, ನಿಮ್ಮ ಓಣಿಗೇ ಬುಟ್ಟಿ ಹೊತ್ಕೊಂಡು ಬರ್ತಾರೆ. ಬಾಯಿ ಬಿಟ್ಟಿರೋದು ತಗೋಬೇಡಿ, ಮುಟ್ಟಿದ್ರೆ ಮುಚ್ಕೊಳ್ಬೇಕು. ಸುಕ್ಕಾ ಮಾಡೋದು ಮನೆ ಮಾಲಕರ ಹೆಂಡತಿ ಹತ್ರ ಕೇಳಿ, ಕಾಯಿ ಜಾಸ್ತಿ ಹಾಕಿ.