ಸೀಬೆ ಎಲೆಯ ಅಡಿಯಲ್ಲಿ ಓಡಾಡುವ ಬಿಳಿ ಹುಳು ಯಾವುದು?

ಹಿತ್ತಲಮನೆ, ಮೈಸೂರು:
ನಮ್ಮ ಸೀಬೆ ಮರದಲ್ಲಿ ಕಾಯಿ ತೊಟ್ಟಿನ ಹತ್ತಿರ, ಎಲೆಯ ಅಡಿಯಲ್ಲಿ ಹಿಟ್ಟು ತಿಗಣೆ ಮೆತ್ತಿಕೊಂಡಿದೆ. ಅದು ನನಗೆ ಗೊತ್ತು. ಆದರೆ ಅದರ ಮಧ್ಯೆ ಅದೇ ಬಣ್ಣದ, ಮೈತುಂಬಾ ಉದ್ದುದ್ದ ಬಿಳಿ ಎಳೆ ಇರುವ ಇನ್ನೊಂದು ಹುಳು ಇದೆ, ಸುಮಾರು ಒಂದು ಸೆಂಟಿಮೀಟರ್ ಉದ್ದ, ಕಡ್ಡಿ ತಾಗಿಸಿದರೆ ಸರಸರ ಓಡುತ್ತದೆ. ಇದೂ ಹಿಟ್ಟು ತಿಗಣೆಯೇನಾ? ಎಲೆ ಮೇಲೆಲ್ಲ ಕಪ್ಪು ಮಸಿ ಬೇರೆ. ಔಷಧಿ ತಂದಿಟ್ಟಿದ್ದೇನೆ, ಇನ್ನೂ ಹೊಡೆದಿಲ್ಲ.

ತೋಟಗಾರ:
ದಯವಿಟ್ಟು ಹೊಡೆಯಬೇಡಿ! ಹಿಟ್ಟು ತಿಗಣೆ ಹಾಗೆ ಓಡುವುದಿಲ್ಲ, ಕೂತಲ್ಲೇ ರಸ ಹೀರುತ್ತಿರುತ್ತದೆ. ನೀವು ಹೇಳಿದ್ದು ಕೇಳಿದರೆ ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳುವಿನ ಮರಿ ಅನ್ನಿಸುತ್ತದೆ. ಹಿಟ್ಟು ತಿಗಣೆಯ ಮೊಟ್ಟೆ, ಮರಿ, ದೊಡ್ಡದು ಎಲ್ಲವನ್ನೂ ತಿನ್ನುತ್ತದೆ. ಕಾಫಿ ಗಿಡದ ಹಸಿರು ಶಲ್ಕ ಕೀಟ ತಿನ್ನಲಿ ಅಂತ 1898ರಲ್ಲಿ ಇದನ್ನು ಆಸ್ಟ್ರೇಲಿಯಾದಿಂದ ತರಿಸಿದ್ದರು, ಆಮೇಲೆ ಅದು ದಕ್ಷಿಣ ಭಾರತದಲ್ಲಿ ಹಿಟ್ಟು ತಿಗಣೆ ತಿಂದುಕೊಂಡು ಇಲ್ಲಿಯದೇ ಆಗಿಬಿಟ್ಟಿತು. ದೊಡ್ಡ ಹುಳುವನ್ನೂ ಹುಡುಕಿ ನೋಡಿ: ನಾಲ್ಕು ಮಿಲಿಮೀಟರ್ ಇರಬಹುದು, ರೆಕ್ಕೆ ಕಪ್ಪು, ತಲೆ ಮತ್ತು ಹಿಂಬದಿಯ ತುದಿ ಕಿತ್ತಳೆ ಬಣ್ಣ. ಚುಕ್ಕಿ ಇರುವುದಿಲ್ಲ, ಅದಕ್ಕೇ ಜನ ಇದನ್ನು ಗುಲಗಂಜಿ ಹುಳು ಅಂತ ಗುರುತಿಸುವುದೇ ಇಲ್ಲ.

ಚಿಟ್ಟೆಪ್ರಿಯೆ:
ಅದರ ಜೊತೆ ನಿಧಾನಕ್ಕೆ ತೆವಳುವ, ಬಿಳಿ ಪುಡಿ ಹೊದ್ದ ಚಪ್ಪಟೆ ಹುಳು ಕಂಡರೆ ಅದನ್ನೂ ಬಿಡಿ. ಅದು ಏಪ್‌ಫ್ಲೈ ಚಿಟ್ಟೆಯ ಮರಿ. ಚಿಟ್ಟೆ ಜಾತಿಯೇ ಆದರೂ ಎಲೆ ಮುಟ್ಟುವುದಿಲ್ಲ, ಹಿಟ್ಟು ತಿಗಣೆಯನ್ನೇ ತಿನ್ನುತ್ತದೆ. ಇದರ ಕೋಶವನ್ನು ಮೇಲಿನಿಂದ ನೋಡಿದರೆ ಥೇಟ್ ಕೋತಿಯ ಮುಖ! ಸಿಕ್ಕರೆ ಫೋಟೋ ಹಾಕಿ, ನನಗೆ ತುಂಬಾ ಇಷ್ಟ.

ಹಿತ್ತಲಮನೆ, ಮೈಸೂರು:
ಕಪ್ಪು ರೆಕ್ಕೆಯ ಹುಳು ಸಿಕ್ಕಿತು, ಕಿತ್ತಳೆ ತಲೆ! ತುಂಬಾ ಥ್ಯಾಂಕ್ಸ್. ಆದರೆ ಇವು ಇದ್ದರೂ ತಿಗಣೆ ಯಾಕೆ ಕಡಿಮೆ ಆಗುತ್ತಿಲ್ಲ?

ತೋಟಗಾರ:
ಕಾಂಡದ ಮೇಲೆ ಇರುವೆ ಸಾಲು ಇದೆಯಾ ನೋಡಿ. ತಿಗಣೆ ಬಿಡುವ ಅಂಟು ಸಿಹಿಗೋಸ್ಕರ ಇರುವೆಗಳು ಅವನ್ನು ಕಾಯುತ್ತವೆ, ಗುಲಗಂಜಿ ಹುಳು ಬಂದರೆ ಓಡಿಸುತ್ತವೆ. ಆ ಕಪ್ಪು ಮಸಿ ಕೂಡ ಅದೇ ಅಂಟಿನ ಮೇಲೆ ಬೆಳೆಯುವ ಬೂಷ್ಟು. ಬುಡದಿಂದ ಒಂದೆರಡು ಅಡಿ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಪಟ್ಟಿಯ ಮೇಲೆ ಮಾತ್ರ ಗ್ರೀಸ್ ಹಚ್ಚಿ, ತೊಗಟೆಗೆ ಬೇಡ. ಕಾಂಪೌಂಡಿಗೆ ತಾಗುವ ಕೊಂಬೆ ಇದ್ದರೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಆ ಕಡೆಯಿಂದ ಹತ್ತುತ್ತದೆ.