ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹೊತ್ತು ಎಷ್ಟು?

ಪ್ರಶ್ನೆ (ಶಿರಸಿಯಿಂದ): ನಮಸ್ಕಾರ ಸರ್. ತಂಗಿಯ ಬಾಣಂತನಕ್ಕೆಂದು ನಮ್ಮ ಆಯಿ (ತಾಯಿ) ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಒಬ್ಬರೇ ಹೊರಟಿದ್ದಾರೆ. ಎಲ್ಲಿಯೂ ಇಳಿಯದ ನೇರ ವಿಮಾನ. ಟಿಕೆಟ್ಟಿನ ಪ್ರಕಾರ ಬುಧವಾರ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು ಅದೇ ಬುಧವಾರ ಸಂಜೆ 5.30ಕ್ಕೆ ತಲುಪುತ್ತಾರೆ. ಫೆಬ್ರವರಿಯಲ್ಲಿ ಮರಳುವಾಗ ಬುಧವಾರ ರಾತ್ರಿ 9ಕ್ಕೆ ಹೊರಟು ಶುಕ್ರವಾರ ಬೆಳಗಿನ ಜಾವ 4ಕ್ಕೆ ಬೆಂಗಳೂರು. ಆಯಿ ನಿಜವಾಗಿ ಎಷ್ಟು ಹೊತ್ತು ಕುಳಿತಿರಬೇಕು?

ಉತ್ತರ (ನಿವೃತ್ತ ಫ್ಲೈಟ್ ಡಿಸ್ಪ್ಯಾಚರ್, ಅಂದರೆ ವಿಮಾನದ ದಾರಿ ಹಾಕಿಕೊಡುವವರು, ಕಾರವಾರ): ಟಿಕೆಟ್ಟಿನಲ್ಲಿ ಕಾಣುವುದು ಆಯಾ ಊರಿನ ಗಡಿಯಾರದ ಹೊತ್ತು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ (ಮಾರ್ಚ್‌ನಲ್ಲಿ ಅಲ್ಲಿ ಗಡಿಯಾರ ಮುಂದಿಟ್ಟ ಮೇಲೆ ಹನ್ನೆರಡೂವರೆ). ಆಯಿ ಹೊರಡುವಾಗ ಅಲ್ಲಿ ಬುಧವಾರ ನಸುಕಿನ ಒಂದು ಗಂಟೆ. ಅಲ್ಲಿಂದ ಸಂಜೆ 5.30ರವರೆಗೆ ಎಣಿಸಿದರೆ ಹದಿನಾರೂವರೆ ಗಂಟೆ. ಮರಳುವಾಗ ಇದೇ ಲೆಕ್ಕದಲ್ಲಿ ಹದಿನೇಳೂವರೆ ಗಂಟೆಯಾಗುತ್ತದೆ.

ಪ್ರಶ್ನೆ: ದೂರ 14,000 ಕಿ.ಮೀ. ಎನ್ನುತ್ತಾರೆ. ಗಂಟೆಗೆ 900 ಕಿ.ಮೀ. ವೇಗವೆಂದರೆ ಹದಿನೈದೂವರೆ ಗಂಟೆ ಸಾಕಲ್ಲವೇ? ಹೋಗುವುದಕ್ಕೂ ಬರುವುದಕ್ಕೂ ವ್ಯತ್ಯಾಸವೇಕೆ?

ಉತ್ತರ: ಆ 14,000 ಭೂಗೋಳದ ಮೇಲೆ ದಾರ ಬಿಗಿದಾಗ ಸಿಗುವ ಅತಿ ಹತ್ತಿರದ ದಾರಿ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಖಂಡಿತ ದಾರ ಹಿಡಿದು ನೋಡಿ. ಅದು ಪೂರ್ವಕ್ಕಲ್ಲ, ಹೆಚ್ಚುಕಡಿಮೆ ಉತ್ತರಕ್ಕೇ ಹೊರಟು, ಟಿಬೆಟ್ ಮತ್ತು ಸೈಬೀರಿಯಾ ದಾಟಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ಆದರೆ ದಾರಿ ಹಾಕುವವರು ದಾರವನ್ನಷ್ಟೇ ನಂಬುವಂತಿಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ ತಪ್ಪಿದರೆ ವಿಮಾನ ಬೇಗನೆ 10,000 ಅಡಿಗೆ ಇಳಿಯಬೇಕು, ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರದಲ್ಲಿದೆ; ಆದ್ದರಿಂದ ಆ ಭಾಗವನ್ನು ಸಾಮಾನ್ಯವಾಗಿ ತಪ್ಪಿಸಿ ಸುತ್ತಿ ಹೋಗುತ್ತಾರೆ.

ಇನ್ನು ಗಾಳಿ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸಾದ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಜಪಾನಿನ ಸುತ್ತ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. ಕಾಳಿ ನದಿಯಲ್ಲಿ ಇಳಿತದ ಹೊತ್ತಿಗೆ ಅಳಿವೆಯ ಕಡೆ ಹೊರಟ ದೋಣಿಗೂ ಅದೇ ನೀರಿಗೆ ಎದುರಾಗಿ ಬರುವ ದೋಣಿಗೂ ಎಷ್ಟು ಅಂತರವೆಂದು ಕಾರವಾರದವರಿಗೆ ಹೇಳಬೇಕಿಲ್ಲ. ಹೋಗುವಾಗ ಪೆಸಿಫಿಕ್ ಸಾಗರದ ಮೇಲಿನ ಉದ್ದದ ದಾರಿಯೂ ಬೆನ್ನಗಾಳಿಯಿಂದ ಲಾಭವಾಗಬಹುದು, ಬರುವಾಗ ಅದೇ ಗಾಳಿ ಎದುರಾಗುತ್ತದೆ. ಈ ದಾರಿಯನ್ನು ಪ್ರತಿ ಹಾರಾಟಕ್ಕೂ ಆ ದಿನದ ಗಾಳಿ ನೋಡಿ ಹೊಸದಾಗಿ ಹಾಕಲಾಗುತ್ತದೆ.

ಪ್ರಶ್ನೆ: ಅದೇ ದಿನ ಹುಬ್ಬಳ್ಳಿಯಿಂದ ಬೇರೆ ಟಿಕೆಟ್ಟಿನಲ್ಲಿ ಬೆಂಗಳೂರಿಗೆ ಹಾರಿದರೆ?

ಉತ್ತರ: ದಯವಿಟ್ಟು ಬೇಡ. ಡಿಸೆಂಬರಿನ ಬೆಳಗಿನ ಮಂಜಿಗೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಟಿಕೆಟ್ ಬೇರೆ ಬೇರೆಯಾದ ಕಾರಣ ಯಾರೂ ಹೊಣೆ ಹೊರುವುದಿಲ್ಲ. ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ.; ಹಿಂದಿನ ದಿನವೇ ಕರೆತಂದು ರಾತ್ರಿ ಮಲಗಿಸಿ, ಮರುದಿನ 11 ಗಂಟೆಯೊಳಗೆ ದೇವನಹಳ್ಳಿಯ ನಿಲ್ದಾಣದಲ್ಲಿರಿ. ಗಾಲಿಕುರ್ಚಿ ಬೇಕಿದ್ದರೆ ಈಗಲೇ ವಿಮಾನ ಸಂಸ್ಥೆಗೆ ತಿಳಿಸಿ. ಆಯಿ ಬಿಪಿ, ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರಾದರೆ, ಎಷ್ಟು ಗಂಟೆಗೊಮ್ಮೆ ನುಂಗಬೇಕೆಂದು ವೈದ್ಯರಿಂದ ಬರೆಸಿ, ಮಾತ್ರೆಗಳನ್ನು ಕೈಚೀಲದಲ್ಲೇ ಇಡಿ.