ಎರಡು ಲ್ಯಾಕ್ಟೇಟ್, ಎರಡು ಉತ್ತರ: ಸೆಪ್ಸಿಸ್ ಶಂಕೆಯಲ್ಲಿ ಯಾವುದನ್ನು ನಂಬೋದು?

ರಾತ್ರಿಪಾಳಿ: ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಮಿತಿಮೀರಿ ಅಂಗಗಳಿಗೆ ಹಾನಿ) ಶಂಕೆಯ ರೋಗಿ: ಜ್ವರ, ಬಿಪಿ 84/50. ಮೊದಲ ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ವಸ್ತು) 4.6 ಮಿಲಿಮೋಲ್/ಲೀಟರ್, ಅರ್ಧ ಗಂಟೆ ಬಿಟ್ಟು ಇನ್ನೊಂದು ಕೈಯಿಂದ ತೆಗೆದದ್ದು 2.3. ಪ್ರೊಕ್ಯಾಲ್ಸಿಟೋನಿನ್ (ಬ್ಯಾಕ್ಟೀರಿಯಾ ಸೋಂಕಿನಲ್ಲಿ ರಕ್ತದಲ್ಲಿ ಏರುವ ಸೂಚಕ) ವರದಿ ಬರುವವರೆಗೆ ಆಂಟಿಬಯಾಟಿಕ್ ತಡೆಯಬಹುದಾ?

ಲ್ಯಾಬ್‌ಮೇಜು: ಮೊದಲ ಸ್ಯಾಂಪಲ್ ಹೇಗೆ ತೆಗೆದಿರಿ? ತೋಳಿಗೆ ಪಟ್ಟಿ ಬಿಗಿದು, ಮುಷ್ಟಿ ಹಿಸುಕಿಸಿ ತೆಗೆದರೆ ಅಂಕಿ ಏರುತ್ತದೆ. ರಿಂಗರ್ ಲ್ಯಾಕ್ಟೇಟ್ (ಲ್ಯಾಕ್ಟೇಟ್ ಇರುವ ಡ್ರಿಪ್ ದ್ರವ) ಹೋಗುತ್ತಿರುವ ಕೈಯಿಂದಂತೂ ಬೇಡವೇ ಬೇಡ. ಟ್ಯೂಬ್‌ನಲ್ಲಿ ಕೂತ ರಕ್ತಕಣಗಳೂ ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಬ್ಲಡ್ ಗ್ಯಾಸ್ (ರಕ್ತದ ಆಮ್ಲಜನಕ, ಆಮ್ಲೀಯತೆ ನೋಡುವ ಪರೀಕ್ಷೆ) ಸಿರಿಂಜ್ ಆದರೆ 15 ನಿಮಿಷದೊಳಗೆ ಮಷಿನ್‌ಗೆ ಹಾಕಿ. ಲ್ಯಾಬ್‌ಗೆ ಕಳಿಸುವುದಾದರೆ ಕಣಗಳ ಈ ಕೆಲಸ ತಡೆಯುವ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್, ಐಸ್ ಮೇಲೆ.

ಐಸಿಯು_ಡಾಕ್ಟರ್: 2.3 ಕೂಡ ನಾರ್ಮಲ್ ಅಲ್ಲ, 2ರ ಮೇಲಿದ್ದರೆ ಮತ್ತೆ ನೋಡಬೇಕು. ಈ ಬಿಪಿಗೆ ಕಾಯುವ ಮಾತೇ ಇಲ್ಲ: ಶಾಕ್ (ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಶಂಕೆಯಿದ್ದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್. ಪ್ರೊಕ್ಯಾಲ್ಸಿಟೋನಿನ್ ಏರಲು ಕೆಲವು ಗಂಟೆ ಬೇಕು, ಶುರುವಿನಲ್ಲಿ ಕಡಿಮೆ ಬಂದು ಮೋಸ ಮಾಡುತ್ತದೆ. ಅದರ ನಿಜವಾದ ಉಪಯೋಗ ಔಷಧಿ ಯಾವಾಗ ನಿಲ್ಲಿಸುವುದು ಅನ್ನುವಲ್ಲಿ. ಅಂದಹಾಗೆ ಅಡ್ರಿನಲಿನ್, ಸಾಲ್ಬುಟಮಾಲ್ (ಶ್ವಾಸನಾಳ ಸಡಿಲಿಸುವ ಔಷಧಿ) ನೆಬುಲೈಸೇಶನ್ ಕೂಡ ಲ್ಯಾಕ್ಟೇಟ್ ಏರಿಸುತ್ತವೆ.

ಲ್ಯಾಬ್‌ಮೇಜು: ಮೊದಲ ಡೋಸ್‌ಗೆ ಮುಂಚೆ ಕಲ್ಚರ್ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮರೆಯಬೇಡಿ. ಎರಡು ಜಾಗದಿಂದ ಎರಡು ಸೆಟ್ (ಸೆಟ್‌ಗೆ ಎರಡು ಬಾಟಲಿ), ವಯಸ್ಕರಿಗೆ ಬಾಟಲಿಗೆ 8–10 ಮಿಲಿ. 3 ಮಿಲಿ ಹಾಕಿ ಕಳಿಸಿದರೆ ರೋಗಾಣು ಸಿಗದೇ ಹೋಗಬಹುದು. ಬಟರ್‌ಫ್ಲೈ ಸೂಜಿಯಾದರೆ ಏರೋಬಿಕ್ (ಆಮ್ಲಜನಕವಿರುವ) ಬಾಟಲಿ ಮೊದಲು, ಕೊಳವೆಯ ಗಾಳಿ ಅದಕ್ಕೇ ಹೋಗಲಿ. ಚರ್ಮಕ್ಕೆ ಹಚ್ಚಿದ ಕ್ಲೋರ್‌ಹೆಕ್ಸಿಡಿನ್ (ರೋಗಾಣುನಾಶಕ) ಪೂರ್ತಿ ಒಣಗಬೇಕು. ಊದಿ ಒಣಗಿಸುವವರೂ ಇದ್ದಾರೆ!

ರಾತ್ರಿಪಾಳಿ: ಪಟ್ಟಿ ಬಿಗಿದೇ ತೆಗೆದದ್ದು. ಕಲ್ಚರ್‌ಗೆ ರಕ್ತ ಸಿಕ್ಕದಿದ್ದರೆ?

ಐಸಿಯು_ಡಾಕ್ಟರ್: ರಕ್ತನಾಳ ಸಿಗದೆ ಹೊತ್ತಾಗುತ್ತಿದ್ದರೆ ಔಷಧಿ ಕೊಟ್ಟುಬಿಡಿ.